ಗಣಕಸ್ಮೃತಿಯಿಂದ ಪರದೆಗೆ: ಕನ್ನಡ ಲಿಪಿ ನಡೆದ ದಾರಿ

ವಿಜಯಪುರ ನಗರದ ಅಂಚಿನಲ್ಲಿರುವ ಭೂತನಾಳವು ನಗರಕ್ಕೆ ಕುಡಿಯುವ ನೀರು ಒದಗಿಸಿದ ಕೆರೆಯಿಂದಾಗಿ ಹೆಸರಾದ ಊರು. ಈ ಊರಿನ ಹೆಸರು ಬರೆಹದಲ್ಲಿ ನಾಲ್ಕು ಅಕ್ಷರ. ಗಣಕಯಂತ್ರದ ಪರದೆಯ ಮೇಲೂ ಕಣ್ಣಿಗೆ ಕಾಣುವುದು ನಾಲ್ಕೇ ಅಕ್ಷರ. ಆದರೆ ಪರದೆಯ ಹಿಂದೆ, ಯಂತ್ರದ ಸ್ಮೃತಿಕೋಶದಲ್ಲಿ, ಅದೇ ಹೆಸರು ಒಂದು ಪದ್ಧತಿಯಂತೆ ಆರು ಸಂಕೇತಗಳು, ಮತ್ತೊಂದು ಪದ್ಧತಿಯಂತೆ ಹತ್ತು ತುಂಡುಗಳು, ಕಟ್ಟಕಡೆಯ ಹಂತದಲ್ಲಿ ಬರಿಯ ಚುಕ್ಕಿಗಳ ಒಂದು ಜಾಲ. ಕಾಣುವುದಕ್ಕೂ ಉಳಿಯುವುದಕ್ಕೂ ನಡುವಿನ ಈ ಅಂತರ ಹೇಗೆ ಹುಟ್ಟಿತು, ಕನ್ನಡ ಲಿಪಿ ಅದನ್ನು ಹೇಗೆ ದಾಟಿತು, ಆ ದಾಟುವಿಕೆಯಲ್ಲಿ ಜಾನಪದ ಸಂಗ್ರಹಗಳಿಗೆ ಒದಗಿದ ಅಪಾಯವೇನು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಬರೆಹದ ಹಳೆಯ ಸಾಧನಗಳಲ್ಲಿ ಇಂತಹ ಅಂತರವಿರಲಿಲ್ಲ. ಶಾಸನದ ಕಲ್ಲು ಅಕ್ಷರವನ್ನು ಕಾಪಾಡುವ ಜಾಗವೂ ಹೌದು, ತೋರಿಸುವ ಜಾಗವೂ ಹೌದು. ತಾಳೆಗರಿಯ ವಿಷಯವೂ ಇದೇ. ಹಲಸಂಗಿ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂಬ ಹೆಸರಿನಲ್ಲಿ ಅಚ್ಚು ಹಾಕಿಸಿದ ಹಾಡುಗಳು ಕಾಗದದ ಮೇಲೆ ಹೇಗೆ ಕಂಡವೋ ಹಾಗೆಯೇ ಉಳಿದಿವೆ. ಫ. ಗು. ಹಳಕಟ್ಟಿಯವರು ಊರೂರು ಅಲೆದು ಕೂಡಿಸಿದ ವಚನಗಳ ತಾಳೆಗರಿಗಳನ್ನು ಬೆಳಕಿಗೆ ತರಲು 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಆರಂಭಿಸಿದರು. ಗರಿಯಿಂದ ಮೊಳೆಗೆ, ಮೊಳೆಯಿಂದ ಕಾಗದಕ್ಕೆ ಅಕ್ಷರ ಸಾಗಿತು. ಆದರೆ ಪ್ರತಿ ನಿಲ್ದಾಣದಲ್ಲಿಯೂ ಓದಬಲ್ಲವನ ಕಣ್ಣಿಗೆ ಅದು ಅಕ್ಷರವಾಗಿಯೇ ಕಾಣುತ್ತಿತ್ತು. ಮೊಳೆ ಜೋಡಿಸುವವನು ತಲೆಕೆಳಗಾದ ಸಾಲನ್ನೂ ಓದಬಲ್ಲವನಾಗಿದ್ದ.

ಗಣಕಯಂತ್ರವು ಈ ಎರಡನ್ನೂ ಬೇರ್ಪಡಿಸಿತು. ಬೇರ್ಪಡುವುದಕ್ಕೆ ಮುಂಚೆ ಅವು ಅಲ್ಪಕಾಲ ಒಂದೇ ಕೊಳವೆಯಲ್ಲಿ ಕೂಡಿದ್ದವು ಎಂಬುದು ಕುತೂಹಲಕರ ಸಂಗತಿ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಫ್ರೆಡರಿಕ್ ವಿಲಿಯಮ್ಸ್ ಮತ್ತು ಟಾಮ್ ಕಿಲ್‌ಬರ್ನ್ ರೂಪಿಸಿದ ಸ್ಮೃತಿ ಎಂದರೆ ದೂರದರ್ಶನದಲ್ಲಿ ಬಳಕೆಯಾಗುವಂತಹ ಒಂದು ಕ್ಯಾಥೋಡ್ ಕಿರಣ ಕೊಳವೆ. ಅದರ ಮುಖದ ಮೇಲೆ ವಿದ್ಯುದಾವೇಶದ ಚುಕ್ಕಿಗಳಾಗಿ ಮಾಹಿತಿ ನಿಲ್ಲುತ್ತಿತ್ತು. 1948ರ ಜೂನ್ 21ರಂದು ಮೊದಲ ಬಾರಿ ಕಾರ್ಯಕ್ರಮ ನಡೆಸಿದ ಅಲ್ಲಿನ ಯಂತ್ರದಲ್ಲಿ ಮೂವತ್ತೆರಡು ಸಾಲು, ಸಾಲಿಗೆ ಮೂವತ್ತೆರಡು ಚುಕ್ಕಿ, ಒಟ್ಟು 1,024 ಚುಕ್ಕಿಗಳಿದ್ದವು. ಆವೇಶವು ಕ್ಷಣಾರ್ಧದಲ್ಲಿ ಸೋರಿ ಹೋಗುತ್ತಿದ್ದುದರಿಂದ ಯಂತ್ರವು ಅದನ್ನು ಮತ್ತೆ ಮತ್ತೆ ಓದಿ, ಮತ್ತೆ ಮತ್ತೆ ಬರೆಯಬೇಕಾಗಿತ್ತು. ಕೊಳವೆಯ ಮುಖವನ್ನು ಓದುವ ಲೋಹದ ಫಲಕವೇ ಅದನ್ನು ಮುಚ್ಚಿದ್ದರಿಂದ, ಒಳಗಿರುವುದನ್ನು ನೋಡಲು ಅದೇ ಚುಕ್ಕಿಗಳನ್ನು ತೋರುವ ಇನ್ನೊಂದು ಕೊಳವೆಯನ್ನು ಪಕ್ಕದಲ್ಲಿ ಇಡಲಾಗಿತ್ತು. ಸ್ಮೃತಿ ಒಂದು, ದರ್ಶನ ಇನ್ನೊಂದು ಎಂಬ ವ್ಯವಸ್ಥೆಯ ಬೀಜ ಇಲ್ಲಿದೆ. ಭಾರತದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನಿರ್ಮಾಣಗೊಂಡು 1960ರಲ್ಲಿ ಬಳಕೆಗೆ ಬಂದ ಟಿಫ್ರಾಕ್ ಯಂತ್ರಕ್ಕೂ ಇಂತಹ ಒಂದು ದರ್ಶನ ಕೊಳವೆಯಿತ್ತು.

ಪರದೆ ತಾನಾಗಿ ಏನನ್ನೂ ನೆನಪಿಡುವುದಿಲ್ಲ. ಕೊಳವೆಯ ಪರದೆಯಲ್ಲಿ ಇಲೆಕ್ಟ್ರಾನುಗಳ ಕಿರಣವು ಎಡದಿಂದ ಬಲಕ್ಕೆ ಒಂದು ಗೆರೆ ಎಳೆದು, ಕೆಳಗಿನ ಗೆರೆಗೆ ಇಳಿದು, ಹೀಗೆ ತಳ ಮುಟ್ಟಿದ ಮೇಲೆ ಪುನಃ ಮೇಲಕ್ಕೆ ಹಾರುತ್ತದೆ. ನೆಲ ಸಾರಿಸುವವಳ ಕೈ ಚಲಿಸುವ ಕ್ರಮ ಇದಕ್ಕೆ ಹತ್ತಿರದ ಹೋಲಿಕೆ. ಕಿರಣ ತಾಗಿದ ಕಡೆ ರಂಜಕದ ಲೇಪ ಹೊಳೆದು ಕೂಡಲೇ ಮಂಕಾಗುತ್ತದೆ. ಆದ್ದರಿಂದ ಇಡೀ ಚಿತ್ರವನ್ನು ಸೆಕೆಂಡಿಗೆ ಐವತ್ತು ಅರವತ್ತು ಸಲ ಹೊಸದಾಗಿ ಬಿಡಿಸಬೇಕು. ಪ್ರತಿ ಸಲವೂ ಯಾವ ಚುಕ್ಕಿ ಬೆಳಗಬೇಕು, ಯಾವುದು ಕತ್ತಲಾಗಿರಬೇಕು ಎಂಬ ವಿವರ ಸ್ಮೃತಿಯ ಒಂದು ನಿರ್ದಿಷ್ಟ ಭಾಗದಿಂದ ಬರುತ್ತದೆ. ಈ ಭಾಗವೇ ಚಿತ್ರಸ್ಮೃತಿ. ಇಂದಿನ ಚಪ್ಪಟೆ ಪರದೆಗಳಲ್ಲಿ ಕಿರಣವಿಲ್ಲ. ಆದರೆ ಸ್ಮೃತಿಯನ್ನು ಸಾಲುಸಾಲಾಗಿ ಓದಿ ಪರದೆಗೆ ಕಳುಹಿಸುವ ಕ್ರಮ ಹಾಗೆಯೇ ಉಳಿದಿದೆ. ಅಡ್ಡಕ್ಕೆ 1,920, ಉದ್ದಕ್ಕೆ 1,080 ಚುಕ್ಕಿಗಳಿರುವ ಸಾಮಾನ್ಯ ಪರದೆಯಲ್ಲಿ ಒಟ್ಟು 20,73,600 ಚುಕ್ಕಿಗಳು. ಚುಕ್ಕಿಯೊಂದಕ್ಕೆ ನಾಲ್ಕು ಬೈಟ್ ಹಿಡಿದರೆ 82,94,400 ಬೈಟ್. ಸೆಕೆಂಡಿಗೆ ಅರವತ್ತು ಸಲ ಓದಿದರೆ ಐವತ್ತು ಕೋಟಿ ಬೈಟ್‌ಗಳಿಗೆ ತುಸು ಕಡಿಮೆ.

ಓದುವುದೂ ಬರೆಯುವುದೂ ಒಂದೇ ಜಾಗದಲ್ಲಿ ನಡೆಯುವುದರಿಂದ ತಿಕ್ಕಾಟ ಸಹಜ. 1980ರ ದಶಕದ ಐಬಿಎಂ ವರ್ಣಚಿತ್ರ ಕಾರ್ಡಿನಲ್ಲಿ, ಪರದೆಗಾಗಿ ಸ್ಮೃತಿಯನ್ನು ಓದುತ್ತಿರುವಾಗಲೇ ಸಂಸ್ಕಾರಕವು ಅಲ್ಲಿ ಬರೆಯಲು ಹೋದರೆ ಪರದೆಯ ತುಂಬ ಆಲಿಕಲ್ಲಿನಂತೆ ಬಿಳಿಯ ಚುಕ್ಕೆಗಳು ಸಿಡಿಯುತ್ತಿದ್ದವು. ಕಿರಣ ಮೇಲಕ್ಕೆ ಹಾರುವ ಬಿಡುವಿನಲ್ಲಿ ಬರೆಯುವುದು ಇದಕ್ಕೆ ಒಂದು ಪರಿಹಾರ. ಸ್ಮೃತಿ ಅಗ್ಗವಾದ ಮೇಲೆ ಎರಡು ಚಿತ್ರಸ್ಮೃತಿಗಳನ್ನು ಇಟ್ಟುಕೊಂಡು, ಒಂದನ್ನು ತೋರಿಸುತ್ತಿರುವಾಗ ಇನ್ನೊಂದರಲ್ಲಿ ಮುಂದಿನ ಚಿತ್ರವನ್ನು ಸಿದ್ಧಪಡಿಸುವ ಪದ್ಧತಿ ರೂಢಿಗೆ ಬಂತು. ಬಯಲಾಟದಲ್ಲಿ ಇಬ್ಬರು ತೆರೆ ಹಿಡಿದು ನಿಂತಿರುವಾಗ ಹಿಂದೆ ಪಾತ್ರ ಸಜ್ಜಾಗುವುದನ್ನು ಬಲ್ಲವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ.

ಲಿಪಿಯ ಪ್ರಶ್ನೆ ಹುಟ್ಟುವುದು ಚಿತ್ರಸ್ಮೃತಿಯಲ್ಲಿ ಏನನ್ನು ಇಡಬೇಕು ಎಂಬಲ್ಲಿ. 1981ರ ಆಗಸ್ಟಿನಲ್ಲಿ ಹೊರಬಂದ ಐಬಿಎಂ ವೈಯಕ್ತಿಕ ಗಣಕದ ಏಕವರ್ಣ ಪರದೆಯಲ್ಲಿ ಅಡ್ಡಕ್ಕೆ ಎಂಬತ್ತು, ಉದ್ದಕ್ಕೆ ಇಪ್ಪತ್ತೈದು, ಒಟ್ಟು ಎರಡು ಸಾವಿರ ಮನೆಗಳಿದ್ದವು. ಮನೆಯೊಂದಕ್ಕೆ ಎರಡು ಬೈಟ್: ಒಂದು ಅಕ್ಷರದ ಸಂಖ್ಯೆ, ಇನ್ನೊಂದು ಅದರ ಹೊಳಪು, ಅಡಿಗೆರೆ ಇತ್ಯಾದಿ ಲಕ್ಷಣ. ಹೀಗೆ ನಾಲ್ಕು ಸಾವಿರ ಬೈಟ್‌ಗಳಲ್ಲಿ ಇಡೀ ಪರದೆಯ ವಿವರ ಅಡಗುತ್ತಿತ್ತು. ಅಕ್ಷರದ ಆಕೃತಿ ಈ ಸ್ಮೃತಿಯಲ್ಲಿ ಇರಲೇ ಇಲ್ಲ. ಅಳಿಸಲಾಗದ ಬೇರೊಂದು ಬಿಲ್ಲೆಯಲ್ಲಿ 256 ಆಕೃತಿಗಳನ್ನು ಕಾರ್ಖಾನೆಯಲ್ಲಿಯೇ ಕೂರಿಸಲಾಗಿತ್ತು. ಕಿರಣ ಸಾಗುತ್ತಿರುವಾಗ ಯಂತ್ರವು ಸಂಖ್ಯೆಯನ್ನು ಓದಿ, ಬಿಲ್ಲೆಯಿಂದ ಆ ಸಂಖ್ಯೆಯ ಆಕೃತಿಯನ್ನು ತೆಗೆದು ಪರದೆಗೆ ಕೊಡುತ್ತಿತ್ತು. ಮನೆಯ ಅಳತೆ ಅಡ್ಡಕ್ಕೆ ಒಂಬತ್ತು, ಉದ್ದಕ್ಕೆ ಹದಿನಾಲ್ಕು ಚುಕ್ಕಿ.

ರೋಮನ್ ಲಿಪಿಗೆ ಹೇಳಿ ಮಾಡಿಸಿದ ಈ ಮನೆಯಲ್ಲಿ ಕನ್ನಡ ಹಿಡಿಸಲಿಲ್ಲ. ಬಬಲೇಶ್ವರ ಎಂದು ಬರೆಯಬೇಕಾದರೆ 'ಶ್ವ' ಎಂಬುದು ಮೇಲೊಂದು ಕೆಳಗೊಂದು ಎರಡಂತಸ್ತಿನ ಅಕ್ಷರ. ತಿಕೋಟಾ ಎಂಬಲ್ಲಿನ 'ಕೋ' ಮೇಲೆ ಏತ್ವ, ಪಕ್ಕದಲ್ಲಿ ಕೊಂಬು, ಅದರಾಚೆ ದೀರ್ಘ ಎಂದು ಅಗಲವಾಗಿ ಹರಡಿಕೊಳ್ಳುತ್ತದೆ. ಮೂವತ್ತನಾಲ್ಕು ವ್ಯಂಜನಗಳ ಕಾಗುಣಿತವೇ 256 ಆಕೃತಿಗಳನ್ನು ಮೀರುತ್ತದೆ. ಒತ್ತಕ್ಷರಗಳ ಲೆಕ್ಕ ಬೇರೆ. ಅಕ್ಷರಗಳ ಬದಲು ಚುಕ್ಕಿಗಳನ್ನೇ ಸ್ಮೃತಿಯಲ್ಲಿಟ್ಟು ಯಾವ ಆಕೃತಿಯನ್ನಾದರೂ ಬಿಡಿಸುವ ಮಾರ್ಗ ಆಗಲೂ ಇತ್ತು. ಆದರೆ 1982ರ ಹರ್ಕ್ಯುಲಿಸ್ ಕಾರ್ಡಿನ 720 ಮತ್ತು 348 ಚುಕ್ಕಿಗಳ ಪರದೆಗೆ, ಬರಿಯ ಕಪ್ಪು ಬಿಳುಪಿಗೂ, 31,320 ಬೈಟ್ ಬೇಕಾಗುತ್ತಿತ್ತು. ಎಂದರೆ ಮೊದಲಿನದರ ಸುಮಾರು ಎಂಟು ಪಟ್ಟು. ಅಲ್ಲದೆ ಕಚೇರಿಗಳಲ್ಲಿ ಬಳಕೆಯಲ್ಲಿದ್ದ ಕಾರ್ಯಕ್ರಮಗಳೆಲ್ಲ ಎರಡು ಸಾವಿರ ಮನೆಗಳ ಲೆಕ್ಕಕ್ಕೇ ಕಟ್ಟುಬಿದ್ದಿದ್ದವು.

ಈ ಬಿಕ್ಕಟ್ಟಿಗೆ ಭಾರತದಲ್ಲಿ ದೊರೆತ ಉತ್ತರ ಜಿಸ್ಟ್ ಕಾರ್ಡ್. ಕಾನ್ಪುರದ ಐಐಟಿಯಲ್ಲಿ ದೇವನಾಗರಿಗಾಗಿ ನಡೆದ ಪ್ರಯತ್ನಗಳು, 1988ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆಯಲ್ಲಿ ಎಲ್ಲ ಭಾರತೀಯ ಲಿಪಿಗಳಿಗೂ ವಿಸ್ತರಿಸಿದವು. ಗಣಕದೊಳಗೆ ಸಿಕ್ಕಿಸುವ ಈ ಹಲಗೆ ಕಾರ್ಯಕ್ರಮಕ್ಕೂ ಪರದೆಗೂ ನಡುವೆ ದುಭಾಷಿಯಂತೆ ನಿಲ್ಲುತ್ತಿತ್ತು. ಕಾರ್ಯಕ್ರಮ ಕಳುಹಿಸಿದ ಸಂಕೇತಗಳನ್ನು ಓದಿ, ಲಿಪಿಯ ನಿಯಮದಂತೆ ಗುಣಿತ ಮತ್ತು ಒತ್ತುಗಳನ್ನು ಕೂಡಿಸಿ, ಆಕೃತಿಯನ್ನು ಪರದೆಗೆ ಒದಗಿಸುವುದು ಅದರ ಕೆಲಸ. ಇದರ ಜೊತೆಗೆ ಬೆಳೆದ ಇಸ್ಕಿ ಸಂಕೇತ ಪದ್ಧತಿಯನ್ನು ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ಮಾನಕವಾಗಿ ಅಂಗೀಕರಿಸಿತು. ಇಸ್ಕಿಯಲ್ಲಿ ಸ್ಮೃತಿಗೆ ಹೋಗುವುದು ಆಕೃತಿಯಲ್ಲ, ವರ್ಣ. ಭೂತನಾಳ ಎಂದರೆ ಭ, ಊಕಾರದ ಗುರುತು, ತ, ನ, ಆಕಾರದ ಗುರುತು, ಳ ಎಂಬ ಆರು ಸಂಕೇತಗಳು. ಕನ್ನಡದ ಭಕಾರಕ್ಕೂ ದೇವನಾಗರಿಯ ಭಕಾರಕ್ಕೂ ಸಂಕೇತ ಒಂದೇ. ಲಿಪಿಯನ್ನು ಬದಲಿಸಿದರೆ ಅದೇ ಆರು ಸಂಕೇತಗಳು ಸೊಲ್ಲಾಪುರದವರು ಓದುವ ಅಕ್ಷರಗಳಾಗಿ ಕಾಣುತ್ತಿದ್ದವು. ಕನ್ನಡ ಮರಾಠಿಗಳು ಒಂದೇ ಅಂಗಳದಲ್ಲಿ ಆಡುವ ಗಡಿನಾಡಿಗೆ ಇದಕ್ಕಿಂತ ಒಪ್ಪುವ ಏರ್ಪಾಡು ಇರಲಾರದು.

ದುರದೃಷ್ಟವಶಾತ್ ಕನ್ನಡದ ಮುದ್ರಣ ಮತ್ತು ಬೆರಳಚ್ಚಿನ ಲೋಕ ಬೇರೊಂದು ದಾರಿ ಹಿಡಿಯಿತು. 1990ರ ದಶಕದಲ್ಲಿ ವಿಂಡೋಸ್ ಹರಡಿದಂತೆ ಪರದೆಯ ಮೇಲಿನ ಪ್ರತಿಯೊಂದೂ ಚುಕ್ಕಿಗಳ ಚಿತ್ರವಾಯಿತು. ಅಕ್ಷರದ ಆಕೃತಿಗಳು ವಕ್ರರೇಖೆಗಳಾಗಿ ಫಾಂಟಿನ ಕಡತದಲ್ಲಿ ಕುಳಿತವು. ಯಾವ ಲಿಪಿಯನ್ನಾದರೂ ತೋರಿಸಬಹುದಾಯಿತು. ಆದರೆ ಅಂದಿನ ಫಾಂಟಿನಲ್ಲಿ ಇದ್ದ ಸ್ಥಾನಗಳು 256 ಮಾತ್ರ, ಅವೂ ರೋಮನ್ ಅಕ್ಷರಗಳಿಗೆ ಮೀಸಲಾದವು. ಕನ್ನಡದ ತಂತ್ರಜ್ಞರು ರೋಮನ್ ಅಕ್ಷರಗಳ ಆಕೃತಿಯನ್ನು ತೆಗೆದು ಆ ಸ್ಥಾನಗಳಲ್ಲಿ ಕನ್ನಡದ ತುಂಡುಗಳನ್ನು ಇಟ್ಟರು: ತಲೆಕಟ್ಟು ಒಂದು ಕಡೆ, ಇಳಿ ಒಂದು ಕಡೆ, ಕೊಂಬು, ಏತ್ವ, ದೀರ್ಘ, ಒತ್ತುಗಳು ಬೇರೆ ಬೇರೆ ಕಡೆ.

ಈ ವಿಂಗಡಣೆ ಹೊಸದಲ್ಲ ಎಂಬುದು ಗಮನಾರ್ಹ. ಗಾಂವಟಿ ಶಾಲೆಗಳಲ್ಲಿ ಉಸುಕಿನ ಮೇಲೆ ಬೆರಳಾಡಿಸುತ್ತ ಮಕ್ಕಳು ರಾಗವಾಗಿ ಹೇಳುತ್ತಿದ್ದ ಕಾಗುಣಿತವು ಅಕ್ಷರವನ್ನು ತಲೆಕಟ್ಟು, ಇಳಿ, ಗುಡಿಸು, ಕೊಂಬು, ಏತ್ವ, ಓತ್ವ ಎಂದು ಒಡೆದೇ ಕಲಿಸುತ್ತಿತ್ತು. ಮೊಳೆ ಜೋಡಿಸುವ ಪೆಟ್ಟಿಗೆಯ ಮನೆಗಳೂ ಇದೇ ವಿಂಗಡಣೆಯವು. ಆದರೆ ಮೌಖಿಕ ಕಾಗುಣಿತದಲ್ಲಿ ತುಂಡಿನ ಹೆಸರಿನ ಬೆನ್ನಿಗೇ ಧ್ವನಿ ಬರುತ್ತಿತ್ತು. ಕಣ್ಣು ಆಕೃತಿಯನ್ನೂ ಕಿವಿ ವರ್ಣವನ್ನೂ ಏಕಕಾಲಕ್ಕೆ ಗ್ರಹಿಸುತ್ತಿದ್ದವು. ಫಾಂಟುಗಳ ಕನ್ನಡದಲ್ಲಿ ಆಕೃತಿ ಮಾತ್ರ ಉಳಿದು ಧ್ವನಿ ಬಿಟ್ಟುಹೋಯಿತು.

1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ಉಚಿತವಾಗಿ ಒದಗಿಸಿದ 'ಬರಹ', ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿ ರಾಜ್ಯ ಸರ್ಕಾರದ ಮನ್ನಣೆ ಪಡೆದ 'ನುಡಿ', ಇವು ಕನ್ನಡಿಗರ ಬೆರಳಿಗೆ ಕನ್ನಡವನ್ನು ಒಲಿಸಿಕೊಟ್ಟವು. ಮಂಗಳೂರಿನ ಸಮೀಪದ ಕಿನ್ನಿಕಂಬಳದ ಕೆ. ಪಿ. ರಾವ್ ಅವರ ಧ್ವನ್ಯಾತ್ಮಕ ಕೀಲಿಮಣೆ ವಿನ್ಯಾಸವು ಇವುಗಳ ಬೆನ್ನೆಲುಬು. ಈ ಸಾಧನೆಯನ್ನು ಕಡಿಮೆ ಎಣಿಸಲಾಗದು. ಬರೆಯುವವನು ಕೀಲಿಮಣೆಯಲ್ಲಿ ಧ್ವನಿಯನ್ನೇ ಒತ್ತುತ್ತಿದ್ದ. ಕಡತದಲ್ಲಿ ಮಾತ್ರ ತುಂಡುಗಳು ಸೇರುತ್ತಿದ್ದವು. ನುಡಿಯ ಹಳೆಯ ಫಾಂಟಿನಲ್ಲಿ ಭೂತನಾಳವನ್ನು ಬಿಡಿಸಿ ನೋಡಿದರೆ ಭಕಾರಕ್ಕೆ ಬಕಾರದ ಒಡಲು, ಮಹಾಪ್ರಾಣದ ಸೀಳು, ತಲೆಕಟ್ಟು ಎಂದು ಮೂರು ತುಂಡು. ಕೊಂಬಿನ ದೀರ್ಘ ನಾಲ್ಕನೆಯದು. ತಕಾರದ ಒಡಲು ಮತ್ತು ತಲೆಕಟ್ಟು. ನಕಾರದ ಒಡಲು ಮತ್ತು ಇಳಿ. ಳಕಾರದ ಒಡಲು ಮತ್ತು ತಲೆಕಟ್ಟು. ಒಟ್ಟು ಹತ್ತು. ಫಾಂಟ್ ಇರುವ ತನಕ ಪರದೆಯ ಮೇಲೆ ಯಾವ ಕೊರತೆಯೂ ಕಾಣದು. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಆ ಹತ್ತೂ ತಮ್ಮ ಮೂಲರೂಪದಲ್ಲಿ, ಅರ್ಥವಿಲ್ಲದ ರೋಮನ್ ಅಕ್ಷರಗಳ ಮತ್ತು ಯೂರೋಪಿನ ಸ್ವರಚಿಹ್ನೆಗಳ ಸಾಲಾಗಿ, ನಿಲ್ಲುತ್ತವೆ.

ಕಸೂತಿಯ ಗಾವಂತಿ ಹೊಲಿಗೆಯಲ್ಲಿ ಬಟ್ಟೆಯ ಮುಂಬದಿ ಹಿಂಬದಿ ಎರಡೂ ಒಂದೇ ಬಗೆಯಾಗಿ ಕಾಣಬೇಕೆಂಬ ನಿಯಮವಿದೆ. ಈ ಕಾಲದ ಕನ್ನಡ ಕಡತಗಳಿಗೆ ಆ ಗುಣವಿರಲಿಲ್ಲ. 'ಕರ್ನಾಟಕ' ಎಂಬ ಪದವೇ ಇದಕ್ಕೆ ನಿದರ್ಶನ. ಉಚ್ಚಾರದಲ್ಲಿ ರೇಫವು ನಕಾರಕ್ಕೆ ಮುಂಚೆ ಬರುತ್ತದೆ. ಬರೆಹದಲ್ಲಿ ಅರ್ಕಾವತ್ತು 'ನಾ' ಆದ ಮೇಲೆ ಕೂರುತ್ತದೆ. ಫಾಂಟಿನ ತುಂಡುಗಳು ಕಣ್ಣಿನ ಕ್ರಮವನ್ನು ಹಿಡಿದರೆ, ವರ್ಣಸಂಕೇತಗಳು ಕಿವಿಯ ಕ್ರಮವನ್ನು ಹಿಡಿಯುತ್ತವೆ. ಕಣ್ಣಿನ ಕ್ರಮದಲ್ಲಿ ಇಟ್ಟ ಪದಗಳನ್ನು ಯಂತ್ರವು ಅಕಾರಾದಿಯಾಗಿ ಜೋಡಿಸಲಾರದು. ಒಂದು ಫಾಂಟಿನಲ್ಲಿ ಬರೆದುದನ್ನು ಇನ್ನೊಂದರಲ್ಲಿ ಹುಡುಕಲೂ ಆಗದು. ಶ್ರೀಲಿಪಿ, ಆಕೃತಿ, ಪ್ರಕಾಶಕ್ ಮೊದಲಾದ ತಂತ್ರಾಂಶಗಳಿಗೆ ತಮ್ಮ ತಮ್ಮದೇ ತುಂಡುಪಟ್ಟಿಗಳಿದ್ದವು.

ಪರದೆ ಸಾಮಾನ್ಯ ರೈತನ ಬದುಕಿಗೆ ಬಂದದ್ದೂ ಇದೇ ಕಾಲದಲ್ಲಿ. ಕರ್ನಾಟಕ ಸರ್ಕಾರದ ಭೂಮಿ ಯೋಜನೆಯು 2000ರ ದಶಕದ ಆರಂಭದಲ್ಲಿ ಅಂದಿನ 177 ತಾಲೂಕುಗಳಲ್ಲಿ, ಸುಮಾರು 67 ಲಕ್ಷ ಭೂಮಾಲೀಕರ ಎರಡು ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿತು. ವಿಜಯಪುರ ಸೀಮೆಯ ಜನ ಉತಾರ ಎಂದು ಕರೆಯುವ ಈ ಕಾಗದ ಅದುವರೆಗೆ ತಲಾಠಿಯ ಕೈಬರೆಹದಲ್ಲಿ, ಅವನ ದಪ್ತರದಲ್ಲಿ ಇರುತ್ತಿತ್ತು. ಹದಿನೈದು ರೂಪಾಯಿಗೆ ಅಚ್ಚಾದ ಪ್ರತಿ ದೊರೆಯುವಂತಾಯಿತು. ತಾಲೂಕು ಕೇಂದ್ರದ ವಿನ್ಯಾಸದಲ್ಲಿ ಒಂದು ವಿಶೇಷವಿತ್ತು. ಸಿಬ್ಬಂದಿಯ ಎದುರಿನ ಪರದೆಯಲ್ಲದೆ, ಅದರಲ್ಲಿ ಕಾಣುವುದನ್ನೇ ತೋರುವ ಎರಡನೆಯ ಪರದೆಯೊಂದನ್ನು ರೈತನ ಕಡೆಗೆ ಮುಖಮಾಡಿ ಇಡಲಾಯಿತು. ತನ್ನ ಹೊಲದ ಸರ್ವೆ ನಂಬರು, ತನ್ನ ತಂದೆಯ ಹೆಸರು ಹೇಗೆ ನಮೂದಾಗಿದೆ ಎಂಬುದನ್ನು ಆತ ನಿಂತಲ್ಲಿಯೇ ನೋಡಬಹುದಾಯಿತು. ಮ್ಯಾಂಚೆಸ್ಟರಿನ ಎರಡನೆಯ ಕೊಳವೆಗೂ ಈ ಎರಡನೆಯ ಪರದೆಗೂ ತಂತ್ರದಲ್ಲಿ ನಂಟಿಲ್ಲ. ಉದ್ದೇಶದಲ್ಲಿ ಮಾತ್ರ ನಿಕಟ ಸಾಮ್ಯವಿದೆ: ಮುಚ್ಚಿದ ಸ್ಮೃತಿಯಲ್ಲಿ ಏನಿದೆ ಎಂಬುದನ್ನು ಹೊರಗಿನವನಿಗೆ ಕಾಣಿಸುವುದು. ಓದಲು ಬಾರದವನಿಗೆ ಈ ಪರದೆಯಿಂದ ಆದ ಉಪಯೋಗ ಎಷ್ಟು ಎಂಬ ಪ್ರಶ್ನೆಯನ್ನು ಯೋಜನೆಯನ್ನು ಹೊಗಳಿದವರು ಅಷ್ಟಾಗಿ ಎತ್ತಿದಂತೆ ತೋರುವುದಿಲ್ಲ.

ವರ್ಣವನ್ನೇ ಸ್ಮೃತಿಯಲ್ಲಿಡುವ ಪದ್ಧತಿ ಯುನಿಕೋಡ್ ಮೂಲಕ ಮರಳಿತು. ಇಸ್ಕಿಯನ್ನು ಆಧರಿಸಿದ ಕನ್ನಡದ ಪಟ್ಟಿ 1991ರ ಮೊದಲ ಆವೃತ್ತಿಯಲ್ಲಿಯೇ ಸೇರಿತ್ತು. ಅದು ಪರದೆಗೆ ಬರಲು ಮಾತ್ರ ಹತ್ತು ವರ್ಷ ಹಿಡಿಯಿತು. ಸಂಕೇತಗಳನ್ನು ಓದಿ ಒತ್ತುಗಳನ್ನು ಕೂಡಿಸುವ ವ್ಯವಸ್ಥೆಯೂ ತುಂಗಾ ಎಂಬ ಕನ್ನಡ ಫಾಂಟೂ 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ಬಂದವು. ಜಿಸ್ಟ್ ಹಲಗೆ ಮಾಡುತ್ತಿದ್ದ ದುಭಾಷಿಯ ಕೆಲಸವನ್ನು ಈಗ ತಂತ್ರಾಂಶವೇ ಮಾಡತೊಡಗಿತು. ಇಂದು ಬಬಲೇಶ್ವರ ಎಂದು ಬರೆದರೆ ಕಡತಕ್ಕೆ ಸೇರುವುದು ಎಂಟು ವರ್ಣಸಂಕೇತಗಳು. ಶಕಾರದ ಬಳಿಕ ವಿರಾಮದ ಗುರುತು, ಅನಂತರ ವಕಾರ ಇರುವುದನ್ನು ಕಂಡ ತಂತ್ರಾಂಶ ವಕಾರವನ್ನು ಒತ್ತಾಗಿಸಿ ಕೆಳಗಿಳಿಸುತ್ತದೆ. ಫಾಂಟಿನ ವಕ್ರರೇಖೆಗಳನ್ನು ಚುಕ್ಕಿಗಳಾಗಿ ತುಂಬಲಾಗುತ್ತದೆ. ಚುಕ್ಕಿಗಳು ಚಿತ್ರಸ್ಮೃತಿಗೆ ಹೋಗುತ್ತವೆ. ಅಲ್ಲಿಂದ ಸೆಕೆಂಡಿಗೆ ಅರವತ್ತು ಸಲ ಪರದೆಗೆ. ಪರದೆ ಆರಿದಾಗ ಚುಕ್ಕಿಗಳು ಅಳಿಯುತ್ತವೆ. ಎಂಟು ಸಂಕೇತಗಳು ಉಳಿಯುತ್ತವೆ.

ಜಾನಪದ ಅಧ್ಯಯನಕ್ಕೆ ಈ ಚರಿತ್ರೆ ಹೊರಗಿನ ಸಂಗತಿಯಲ್ಲ. ಕನ್ನಡದಲ್ಲಿ ಬೀಸುಕಲ್ಲಿನ ಪದ, ಗೀಗೀ ಪದ, ಲಾವಣಿ, ಡೊಳ್ಳಿನ ಹಾಡು, ಮೊಹರಮ್ಮಿನ ಪದಗಳು ಗಣಕದಲ್ಲಿ ಬೆರಳಚ್ಚಾದದ್ದು ಬಹುಮಟ್ಟಿಗೆ 1990ರಿಂದ 2010ರ ನಡುವೆ, ತುಂಡುಗಳ ಕನ್ನಡದಲ್ಲಿ. ಹಾಡಿದವರಲ್ಲಿ ಅನೇಕರು ಇಂದಿಲ್ಲ. ಈ ಕಡತಗಳನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಬಂದಿವೆ, ಉಪಯುಕ್ತವೂ ಆಗಿವೆ. ಆದರೆ ಅವು ಯಾವ ಫಾಂಟಿನ ಕಡತ ಎಂಬುದು ತಿಳಿದಿದ್ದರೆ ಮಾತ್ರ ನೆಚ್ಚಬಹುದಾದವು. ಅಲ್ಲದೆ ಅವುಗಳ ನಿಯಮಗಳು ಶಿಷ್ಟಭಾಷೆಯ ಪದಗಳನ್ನು ಕಂಡು ರಚಿತವಾದವು. ವಿಜಯಪುರ ಭಾಗದ ಹಾಡುಗಳಲ್ಲಿ ಬರುವ ಮ್ಯಾಲ, ಕ್ವಾಣ, ಬ್ಯಾಸಗಿ ಮೊದಲಾದ ರೂಪಗಳಲ್ಲಿ ಒತ್ತು ಮತ್ತು ಇಳಿಗಳ ಜೋಡಣೆ ತಪ್ಪಿದರೆ, ಆ ಭಾಷೆಯ ಪರಿಚಯವಿಲ್ಲದ ತಿದ್ದುಗಾರ ಅದನ್ನು ಪರಿವರ್ತಕದ ದೋಷವೆಂದು ಬಗೆದು 'ಮೇಲೆ', 'ಕೋಣ', 'ಬೇಸಿಗೆ' ಎಂದು ಬರೆದುಬಿಡುವ ಸಂಭವವಿದೆ. ಹಾಡಿನಲ್ಲಿ ಸ್ವರದ ಎಳೆತವನ್ನು ಸೂಚಿಸಲು ಸಂಗ್ರಾಹಕರು ಬಳಸುವ ಅವಗ್ರಹ ಚಿಹ್ನೆ ಯುನಿಕೋಡಿನ ಕನ್ನಡ ಪಟ್ಟಿಗೆ ಸೇರಿದ್ದು 2003ರ ನಾಲ್ಕನೆಯ ಆವೃತ್ತಿಯಲ್ಲಿ. ಅದಕ್ಕೆ ಮುಂಚೆ ಅದರ ಜಾಗದಲ್ಲಿ ಇಂಗ್ಲಿಷಿನ ಎಸ್ ಅಕ್ಷರವನ್ನೋ ಮತ್ತಾವುದೋ ಗುರುತನ್ನೋ ಇಟ್ಟ ಹಸ್ತಪ್ರತಿಗಳಲ್ಲಿ ಎಳೆತ ಎಲ್ಲಿತ್ತು ಎಂಬುದನ್ನು ಯಂತ್ರ ಊಹಿಸಲಾರದು.

ಆದ್ದರಿಂದ ಇಂತಹ ಸಂಗ್ರಹಗಳನ್ನು ಹೊಂದಿರುವ ವಿಶ್ವವಿದ್ಯಾಲಯಗಳೂ ಗ್ರಂಥಾಲಯಗಳೂ ಮೂಲ ಕಡತದ ಜೊತೆಗೆ ಅದರ ಫಾಂಟನ್ನೂ ತಂತ್ರಾಂಶದ ಆವೃತ್ತಿಯ ಹೆಸರನ್ನೂ ಕೂಡಿಯೇ ಇಡಬೇಕಾಗಿದೆ. ಆ ಕಾಲದಲ್ಲಿ ತೆಗೆದ ಕಾಗದದ ಪ್ರತಿಯೊಂದು ಎಲ್ಲಿಯಾದರೂ ಉಳಿದಿದ್ದರೆ ಅದನ್ನು ಪರಿವರ್ತಿತ ಪಾಠದ ಮಗ್ಗುಲಲ್ಲಿಟ್ಟು ಸಾಲು ಸಾಲಾಗಿ ತಾಳೆ ನೋಡಬೇಕು. ಹಾಡಿನ ಧ್ವನಿಸುರುಳಿ ಇದ್ದಲ್ಲಿ ಕಾಗದಕ್ಕಿಂತಲೂ ಅದೇ ಹೆಚ್ಚಿನ ಪ್ರಮಾಣ. ಕಾಗದದ ಪ್ರತಿಯನ್ನು ಬಿಡಿಸಿದ ಪರದೆಯೂ, ಆ ಪರದೆಯನ್ನು ತುಂಬಿದ ಹತ್ತು ತುಂಡುಗಳೂ ಒಮ್ಮೆ ಆ ಧ್ವನಿಯನ್ನು ಕೇಳಿಯೇ ಹುಟ್ಟಿದಂತಹವು.